ಬಾವಿಗೆ ಇಳಿದವನ ಹೆಸರು

ಭವ್ಯಶ್ರೀ ಕೇಳಿದ ಪ್ರಶ್ನೆಯನ್ನು ಅವಳಿಂದ ತೆಗೆದು ಸಾತ್ವಿಕಾಳಿಗೆ ಕೊಟ್ಟರು.

ಕೊಟ್ಟವರು ಮುಖ್ಯೋಪಾಧ್ಯಾಯ ಸಂಕಪ್ಪ ಮಾಸ್ಟ್ರು. ಬುಧವಾರ, ಮೂರನೇ ಪೀರಿಯಡ್ ಮುಗಿದ ಮೇಲೆ, ತಮ್ಮ ಕೋಣೆಯಲ್ಲಿ. ಒಂಬತ್ತನೇ ತರಗತಿಯ ನಾಲ್ವರು ಮೇಜಿನ ಮುಂದೆ ನಿಂತಿದ್ದರು. ಕನ್ನಡ ಕಲಿಸುವ ಕಾಂತಿ ಟೀಚರ್ ಬಾಗಿಲ ಹತ್ತಿರ ಇದ್ದರು.

"ಪ್ರಶ್ನೆ ಫಸ್ಟ್ ಕ್ಲಾಸ್ ಉಂಟು," ಎಂದರು ಸಂಕಪ್ಪ ಮಾಸ್ಟ್ರು. "ಆದ್ರೆ ಸ್ವರ ಬೇಕಲ್ಲ? ಶನಿವಾರದ ಪುಸ್ತಕ ಸಂವಾದ, ಮೂಡುಬಿದಿರೆಯ ಸ್ಟೇಜು ಅದು. ಸಾತ್ವಿಕಾ ಕೇಳ್ಲಿ. ಹಸ್ನಾ, ನಿತೇಶ್ ಅವಳ ಆಚೆ ಈಚೆ ಕೂತ್ಕೊಳ್ಳಿ. ಮೂರು ಜನ ಸಾಕು. ಮಾತೆಲ್ಲ ನಾನು ಬರೆದು ಕೊಡ್ತೇನೆ."

"ಭವ್ಯಶ್ರೀ, ಸರ್?" ಎಂದ ನಿತೇಶ್.

"ಅವಳೂ ಬರ್ಲಿ. ಬ್ಯಾಗ್ ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕಲ್ಲ."

ಭವ್ಯಶ್ರೀಗೆ ಹೇಳಲು ಇದ್ದದ್ದು ತುಳುವಿನಲ್ಲಿತ್ತು. ಆ ಕೋಣೆಯಲ್ಲಿ ಕನ್ನಡವೇ ಆಗಬೇಕೆಂದು ಗೋಡೆಯ ಮೇಲೆ ಬರೆದಿತ್ತು.

ಆ ಪ್ರಶ್ನೆ ಹುಟ್ಟಿದ್ದು ಹೇಗೆ ಎಂದು ತಿಳಿಯಬೇಕಾದರೆ ಜೂನ್ ತಿಂಗಳಿಗೆ ಹೋಗಬೇಕು. ನಾರಾವಿಯಿಂದ ಸ್ವಲ್ಪ ಒಳಗಿರುವ ಈ ಸರಕಾರಿ ಪ್ರೌಢಶಾಲೆಗೆ ಕಾಂತಿ ಟೀಚರ್ ಬಂದದ್ದು ಆಗ, ಅತಿಥಿ ಶಿಕ್ಷಕಿಯಾಗಿ. ಅತಿಥಿ ಎಂದರೆ ಮಾರ್ಚ್‌ಗೆ ಕಳುಹಿಸಿಬಿಡಬಹುದಾದವರು ಎಂದು ಅರ್ಥ. ಅವರು ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ನೆಲದ ಮೇಲೆ ಸುತ್ತ ಕೂರಿಸಿ, ಗುಂಪಿಗೆ ಒಂದೊಂದು ಕಥೆಪುಸ್ತಕ ಕೊಟ್ಟು, "ಓದಿ ಮಾತಾಡಿ" ಎಂದರು.

ಓದಿದರು. ಮಾತಾಡಲಿಲ್ಲ.

"ಎಂತಾದ್ರೂ ಹೇಳಿ ಮಾರಾಯ್ರೇ," ಎಂದು ಟೀಚರ್ ಅಂಗಲಾಚಿದರು. ಕೊನೆಗೆ ಸಾತ್ವಿಕಾ ಎದ್ದು ನಿಂತು, ಕೈ ಹಿಂದೆ ಕಟ್ಟಿ, "ಈ ಕಥೆಯಿಂದ ನಮಗೆ ಪ್ರಾಮಾಣಿಕತೆಯ ನೀತಿ ದೊರೆಯುತ್ತದೆ," ಎಂದು ಕುಳಿತಳು. ಉಳಿದವರು ತಲೆ ಅಲ್ಲಾಡಿಸಿದರು. ಅಲ್ಲಿಗೆ ಚರ್ಚೆ ಮುಗಿಯಿತು.

ಊಟದ ಬೆಲ್ ಆಯಿತು. ಟೀಚರ್ ತಟ್ಟೆ ಹಿಡಿದು ಹೊರಗೆ ಬಂದರೆ ನಳ್ಳಿಯ ಹತ್ತಿರ ದೊಡ್ಡ ಗಲಾಟೆ. ನಿತೇಶ್ ಮತ್ತು ಹಸ್ನಾ ಕೈ ತೊಳೆಯುವುದನ್ನೇ ಬಿಟ್ಟು ಜಗಳಾಡುತ್ತಿದ್ದರು, ತುಳುವಿನಲ್ಲಿ. ಯಾವುದರ ಬಗ್ಗೆ? ಕಥೆಯ ಹುಡುಗ ಬೆಲ್ಲ ಕದ್ದದ್ದು ಕಳ್ಳತನವೋ ಹಸಿವೋ ಎಂಬ ಬಗ್ಗೆ. "ನಿನ್ನ ಅಂಗಡಿಯಿಂದ ಕದ್ದಿದ್ರೆ ಗೊತ್ತಾಗ್ತಿತ್ತು ನಿಂಗೆ!" ಎಂದ ನಿತೇಶ್. "ನಮ್ಮ ಅಂಗಡಿಯಿಂದ ನೀನೇ ಕದೀತಿಯಲ್ಲ, ನಾವು ಬಿಟ್ಟಿಲ್ವಾ?" ಎಂದಳು ಹಸ್ನಾ. ಅವಳ ಅಪ್ಪ ನಿಝಾಮುದ್ದೀನ್‌ಗೆ ಪೇಟೆಯಲ್ಲಿ ದಿನಸಿ ಅಂಗಡಿ ಉಂಟು. ಅವಳ ಮನೆಮಾತು ಬ್ಯಾರಿ, ಜಗಳದ ಮಾತು ತುಳು. ಟೀಚರ್ ತಟ್ಟೆಯಲ್ಲಿ ಅನ್ನ ಆರುವವರೆಗೂ ನಿಂತು ಕೇಳಿದರು.

ಮರುದಿನದಿಂದ ಹೊಸ ಕ್ರಮ. ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ನಾಲ್ಕು ಚೀಟಿ: ಪ್ರಶ್ನೆ, ಪದ, ಓದು, ಜೋಡಣೆ. ವಾರವಾರ ಚೀಟಿ ಎತ್ತಬೇಕು. 'ಪ್ರಶ್ನೆ' ಬಂದವರು ಪುಸ್ತಕದ ಬಗ್ಗೆ ಒಂದು ಪ್ರಶ್ನೆ ತರಬೇಕು. 'ಪದ' ಬಂದವರು ಕಷ್ಟದ ಮಾತುಗಳನ್ನು ಹುಡುಕಬೇಕು. 'ಓದು' ಬಂದವರು ತಮಗೆ ಬೇಕಾದ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. 'ಜೋಡಣೆ' ಬಂದವರು ಕಥೆಯನ್ನು ತಮ್ಮ ಮನೆಗೋ ಊರಿಗೋ ಗಂಟು ಹಾಕಿ ತೋರಿಸಬೇಕು. ಪ್ರಶ್ನೆಗೆ ಒಂದೇ ನಿಯಮ: ಕೇಳುವವರಿಗೇ ಅದರ ಉತ್ತರ ಗೊತ್ತಿರಬಾರದು.

ಮಾತಿಗೂ ಒಂದು ನಿಯಮ. ಮೊದಲು ಮನೆಮಾತಿನಲ್ಲಿ ಹೇಳು. ನಿನ್ನ ಎಡಗಡೆ ಕೂತವರು ಅದನ್ನು ಕನ್ನಡದಲ್ಲಿ ಹೇಳಬೇಕು. ಆಮೇಲೆ ಅವರು ನಿನ್ನ ಮುಖ ನೋಡಿ "ಸರಿಯಾ?" ಎಂದು ಕೇಳಬೇಕು. ಸರಿ ಎಂದು ನೀನು ಹೇಳುವವರೆಗೆ ಮುಂದೆ ಹೋಗಲಿಕ್ಕಿಲ್ಲ.

ಮೊದಲ ವಾರ ಬರೀ ನಗೆ. ಎರಡನೇ ವಾರ "ಅಲ್ಲ ಮಾರಾಯ್ತಿ, ನಾನು ಹಾಗೆ ಹೇಳಿದ್ದೇ ಅಲ್ಲ!" ಎಂಬ ಕೂಗು. ಆಗಸ್ಟ್ ಹೊತ್ತಿಗೆ ಪಕ್ಕದ ಗಣಿತದ ಕ್ಲಾಸಿನಿಂದ ದೂರು ಬರತೊಡಗಿತು. ಟೀಚರ್ ಆ ದೂರನ್ನು ಸಂತೋಷದಿಂದ ಕೇಳಿಸಿಕೊಂಡರು.

ಸೆಪ್ಟೆಂಬರಿನಲ್ಲಿ ನಾಲ್ವರಿಗೆ ಸಿಕ್ಕಿದ್ದು ಒಂದು ಸಣ್ಣ ಕಾದಂಬರಿ. ಊರಿಗೆ ಬಾವಿ ತೋಡಿಸಿದ ಒಬ್ಬ ಧಣಿಯ ಕಥೆ. ನೂರ ಹನ್ನೆರಡು ಪುಟ. ಜನ ಧಣಿಯನ್ನು ಹೊಗಳುವುದು, ಹೆಂಡತಿ ಬಳೆ ಬಿಚ್ಚಿ ಕೊಡುವುದು, ಭಟ್ಟರು ಜಾಗ ನೋಡುವುದು, ಮೊದಲ ಕೊಡ ನೀರು ಮೇಲೆ ಬರುವುದು, ಧಣಿಯ ನಾಯಿ ಅದನ್ನು ನೆಕ್ಕುವುದು. ಚೆಂದವಾಗಿ ಬರೆದಿತ್ತು. ಹಸ್ನಾ ಅತ್ತಿದ್ದಳು ಕೂಡ.

ಆ ವಾರ 'ಪ್ರಶ್ನೆ' ಚೀಟಿ ಭವ್ಯಶ್ರೀಗೆ ಬಂತು.

ಭವ್ಯಶ್ರೀ ಗುಂಪಿನಲ್ಲಿ ಕಡಿಮೆ ಮಾತಿನವಳು. ಕನ್ನಡದಲ್ಲಿ ಒಂದು ವಾಕ್ಯ ಶುರು ಮಾಡಿದರೆ ಮಧ್ಯದಲ್ಲಿ ನಿಂತು, ಹಿಂದೆ ಬಂದು, ಮತ್ತೆ ಹೊರಡುವವಳು. ಬೆಳಿಗ್ಗೆ ಐದೂವರೆಗೆ ಎದ್ದು ಅಮ್ಮನ ಜೊತೆ ಬೇರೆಯವರ ರಬ್ಬರ್ ಗುಡ್ಡೆಗೆ ಹೋಗಿ ಮರದ ಹಾಲು ಸಂಗ್ರಹಿಸಿ, ಆಮೇಲೆ ಶಾಲೆಗೆ ಬರುವವಳು. ಅವಳ ನೋಟ್ ಪುಸ್ತಕಕ್ಕೂ ಆ ವಾಸನೆ. ನಿತೇಶ್ ಒಮ್ಮೆ "ರಬ್ಬರ್ ಶೀಟ್" ಎಂದು ಕರೆದು ಅವಳಿಂದ ಬೆನ್ನಿಗೊಂದು ತಿಂದಿದ್ದ.

ಅವಳು ಪುಸ್ತಕದ ನಲವತ್ತೊಂದನೇ ಪುಟ ತೆರೆದು ನೆಲದ ಮೇಲೆ ಇಟ್ಟಳು. ತುಳುವಿನಲ್ಲಿ, ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ ಕೇಳಿದಳು: "ಗುವೆಲ್ ತೋಡಿನಾಯಗ್ ಪುದರ್ ದಾಯೆ ಇಜ್ಜಿ?"

ಅವಳ ಎಡಗಡೆ ಹಸ್ನಾ. "ಬಾವಿ ತೋಡಿದವನಿಗೆ ಹೆಸರು ಯಾಕೆ ಇಲ್ಲ?" ಎಂದಳು. "ಸರಿಯಾ?"

"ಸರಿ."

"ಇರ್ಬೇಕು, ನೋಡುವ," ಎಂದು ನಿತೇಶ್ ಪುಟ ಹಿಂದೆ ಮುಂದೆ ತಿರುಗಿಸಿದ. ಧಣಿಗೆ ಹೆಸರುಂಟು. ಹೆಂಡತಿಗೆ, ಭಟ್ಟರಿಗೆ, ಮೊದಲ ಕೊಡ ಎತ್ತಿದವಳಿಗೆ ಉಂಟು. "ನಾಯಿಗೂ ಉಂಟಾ ಮಾರಾಯ್ರೇ!" ಎಂದ. ನಲವತ್ತೊಂದನೇ ಪುಟದಲ್ಲಿ ಇದ್ದದ್ದು ಎರಡು ವಾಕ್ಯ: 'ಆಳುಗಳು ಇಳಿದರು. ನೀರು ಬಂತು.'

"ಈ ಎರಡರ ಮಧ್ಯ," ಎಂದು ಭವ್ಯಶ್ರೀ ಚುಕ್ಕೆಯ ಮೇಲೆ ಬೆರಳಿಟ್ಟಳು, "ನನ್ನ ಅಜ್ಜ ಎರಡು ತಿಂಗಳು ಇರ್ತಿದ್ರು." ಅವಳ ಅಜ್ಜ ಡೊಂಬಯ್ಯ ಬಾವಿ ತೋಡುವವರು. ಮೊದಲು ಹಗ್ಗದಲ್ಲಿ ದೀಪ ಇಳಿಸುವುದು; ಅದು ಆರಿದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲವೆಂದು ಲೆಕ್ಕ, ಆ ದಿನ ಇಳಿಯುವುದಿಲ್ಲ, ಉರಿದರೆ ಇಳಿಯುವುದು. ಇಪ್ಪತ್ತೆಂಟು ಕೋಲು, ಎಂದರೆ ಅರುವತ್ತು ಅಡಿಗೂ ಮಿಕ್ಕಿ, ಆಳಕ್ಕೆ ಹೋದದ್ದುಂಟು. ಕೆಳಗಿನಿಂದ ನೋಡಿದರೆ ಆಕಾಶ ದೋಸೆಯಷ್ಟು ಕಾಣುತ್ತದಂತೆ. ಇದನ್ನೆಲ್ಲ ಅವಳು ಹೇಳಿದಳು, ಹಸ್ನಾ ಕನ್ನಡ ಮಾಡಿದಳು, ಎರಡು ಸಲ ಭವ್ಯಶ್ರೀ "ಸರಿ ಇಲ್ಲ" ಎಂದು ತಿದ್ದಿಸಿದಳು. "ದೋಸೆ ಅಲ್ಲ, ತೆಳ್ಳವು, ನೀರುದೋಸೆ" ಎಂದು ಕೂಡ.

ಸಾತ್ವಿಕಾ, "ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಕಲ್ಲುಂಟು. ಅಜ್ಜನ ಹೆಸರು, ಇಸವಿ, ಎಲ್ಲ ಕೆತ್ತಿದ್ದಾರೆ," ಎಂದಳು.

"ತೋಡಿದ್ದು ಯಾರು? ನಿನ್ನ ಅಜ್ಜನಾ?" ಎಂದ ನಿತೇಶ್.

"ಹೋಗಾ! ಅವರು ಯಾಕೆ ತೋಡ್ತಾರೆ?"

ಎಲ್ಲರೂ ನಕ್ಕರು. ಸಾತ್ವಿಕಾಳೂ ನಕ್ಕಳು; ಆದರೆ ಸಂಜೆ ಮನೆಗೆ ಹೋಗಿ ಅಜ್ಜಿಯನ್ನು ಕೇಳಿದಳು. ಅವಳ ಮನೆತನಕ್ಕೆ ಗದ್ದೆ ಉಂಟು, ಅಪ್ಪನಿಗೆ ಮಸ್ಕತ್‌ನಲ್ಲಿ ಹೋಟೆಲ್ ಉಂಟು. ಅಜ್ಜಿಗೆ ಬಾವಿ ತೋಡಿದ ವರ್ಷ ನೆನಪಿತ್ತು, ಆ ದಿನ ಮಾಡಿದ ಪಾಯಸ ನೆನಪಿತ್ತು. "ಯಾರು ತೋಡಿದ್ದು ಅಜ್ಜಿ?" "ಯಾರೋ ಆಳುಗಳು ಮಗಾ. ಅವರ ಹೆಸರೆಲ್ಲ ಯಾರು ಕೇಳ್ತಾರೆ?" ಮಸ್ಕತ್‌ನಿಂದ ವಿಡಿಯೋ ಕಾಲ್ ಮಾಡಿದ ಅಪ್ಪನಿಗೂ ಗೊತ್ತಿರಲಿಲ್ಲ. ಮರುದಿನ ಅವಳು ಗುಂಪಿಗೆ ಬಂದು, "ಸಿಗ್ಲಿಲ್ಲ," ಎಂದಳು, ಏನೋ ಕಳೆದುಕೊಂಡವಳ ಹಾಗೆ.

ನವೆಂಬರಿನಲ್ಲಿ ಒಂದು ಗ್ರಂಥಾಲಯ ಬಳಗದಿಂದ ಪತ್ರ ಬಂತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ಕಡೆಯ ಆಯ್ದ ಶಾಲೆಗಳ ಪುಸ್ತಕ ಸಂವಾದ, ಮೂಡುಬಿದಿರೆಯ ಸಭಾಭವನದಲ್ಲಿ. ಒಂದು ಶಾಲೆಯಿಂದ ಮೂರರಿಂದ ಐದು ವಿದ್ಯಾರ್ಥಿಗಳು; ಗೆದ್ದ ಶಾಲೆಗೆ ಬಹುಮಾನ. ಆಗ ಸಂಕಪ್ಪ ಮಾಸ್ಟ್ರು ಮೊದಲ ಬಾರಿಗೆ ಸುತ್ತು ಕೂತ ಮಕ್ಕಳನ್ನು ನೋಡಲು ಬಂದರು.

ಸಂಕಪ್ಪ ಮಾಸ್ಟ್ರು ಕೆಟ್ಟವರಲ್ಲ. ಶಾಲೆಯಲ್ಲಿ ಎಂಬತ್ತನಾಲ್ಕು ಮಕ್ಕಳು. ದಿನಾ ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಗೇಟಿನ ಎದುರೇ ಹಾದುಹೋಗುತ್ತದೆ. ಎಂಬತ್ತನಾಲ್ಕು ಎಪ್ಪತ್ತಾದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಅವರು ತಾಳಮದ್ದಳೆಯ ಅರ್ಥಧಾರಿ ಕೂಡ. ವೇಷ ಇಲ್ಲದೆ ಸಾಲಾಗಿ ಕೂತು ಬರೀ ಮಾತಿನಲ್ಲಿ ಯುದ್ಧ ಮಾಡುವ ಆ ಕಲೆಯಲ್ಲಿ ಅವರ ಕಂಚಿನ ಸ್ವರಕ್ಕೆ ಬೆಳ್ತಂಗಡಿಯ ಲಾಯಿಲದವರೆಗೂ ಹೆಸರುಂಟು. ಪುಸ್ತಕ ಸಂವಾದ ಎಂದರೆ ಅವರಿಗೆ ಕಂಡದ್ದು ಅದೇ. ಪಾತ್ರ ಹಂಚಬೇಕು, ಸ್ವರ ನೋಡಿ ಹಂಚಬೇಕು, ಎದುರಿಗೆ ಸಭೆ ಇರಬೇಕು.

"ಎಂಥಾ ಪ್ರಶ್ನೆ ಮಾರಾಯ್ರೇ ಇದು!" ಎಂದು ಅವರು ಬಾವಿಯ ಪ್ರಶ್ನೆ ಕೇಳಿ ನಿಜವಾಗಿಯೂ ಕುಣಿದರು. ಆಮೇಲೆ ಭವ್ಯಶ್ರೀಯನ್ನು ನಿಲ್ಲಿಸಿ ಕನ್ನಡದಲ್ಲಿ ಕೇಳಿಸಿದರು. "ಬಾವಿ... ತೋಡಿದವ... ಅವನಿಗೆ... ಅಂದ್ರೆ, ಬಾವಿಯನ್ನು..." ಮಾಸ್ಟ್ರು ಕೈ ಎತ್ತಿ ನಿಲ್ಲಿಸಿದರು. ಮುಂದಿನದು ಆ ಬುಧವಾರದ ಕೋಣೆ.

ಮಕ್ಕಳು ಹೊರಗೆ ಹೋದ ಮೇಲೆ ಕಾಂತಿ ಟೀಚರ್ ನಿಂತರು. "ಸರ್, ನೀವು ತಾಳಮದ್ದಳೆಗೆ ಬರೆದುಕೊಂಡು ಹೋಗ್ತೀರಾ?"

"ಛೆ! ಅರ್ಥ ಹೇಳುದು ಅಂದ್ರೆ ಮಾತು ಅಲ್ಲೇ, ಆಗಲೇ ಹುಟ್ಟಬೇಕು ಟೀಚರ್. ಬರೆದು ಹೇಳಿದ್ರೆ ಅದು ಪಾಠ."

"ಮತ್ತೆ ಇವರಿಗೆ ಯಾಕೆ ಬರೆದು ಕೊಡುದು?"

"ಇವರು ಮಕ್ಕಳು. ಅಲ್ಲಿ ತಡವರಿಸಿದ್ರೆ ಮರ್ಯಾದೆ ಹೋಗುದು ಅವಳದ್ದೇ. ನಾನು ಅವಳನ್ನು ಕಾಪಾಡುದು."

"ಅವಳನ್ನು ಕೇಳಿದ್ರಾ ಸರ್?"

"ಟೀಚರ್," ಎಂದರು ಮಾಸ್ಟ್ರು, ಮೆಲ್ಲಗೆ, "ನೀವು ಬರುವ ವರ್ಷವೂ ಇರ್ಬೇಕು ಅಂತ ನನಗೆ ಆಸೆ ಉಂಟು."

ಟೀಚರ್ ಹೊರಗೆ ಬಂದರು. ಅವರಿಗೆ ಸಿಟ್ಟು ಬಂದಿತ್ತು. ಹೆಚ್ಚಿನದು ತಮ್ಮ ಮೇಲೆಯೇ. ಆ ಮಾತಿಗೆ ಎದುರು ಮಾತಾಡದೆ ಬಾಗಿಲು ದಾಟಿದ್ದರು.

ಗುರುವಾರ ನಾರಾವಿ ಪೇಟೆಯಿಂದ ಟೈಪ್ ಮಾಡಿಸಿದ ಸಂವಾದ ಬಂತು. ಮೂರು ಹಾಳೆ, ಲ್ಯಾಮಿನೇಟ್ ಮಾಡಿದ್ದು. ಸಾತ್ವಿಕಾ ಕೇಳುವುದು, ಹಸ್ನಾ ಒಪ್ಪುವುದು, ನಿತೇಶ್ 'ಕ್ಷಮಿಸಿ, ನನ್ನ ಅಭಿಪ್ರಾಯ ಭಿನ್ನವಾಗಿದೆ' ಎನ್ನುವುದು, ಕೊನೆಗೆ ಮೂವರೂ ಶ್ರಮದ ಮಹತ್ವದ ಬಗ್ಗೆ ಒಂದಾಗುವುದು.

"ನನ್ನ ಅಭಿಪ್ರಾಯ ಭಿನ್ನವಾಗಿಯೇ ಇಲ್ಲ ಮಾರ್ರೆ," ಎಂದ ನಿತೇಶ್.

"ಬರೆದಿದೆಯಲ್ಲ, ಭಿನ್ನ ಆಗು," ಎಂದಳು ಹಸ್ನಾ.

ಸಾತ್ವಿಕಾ ಹಾಳೆ ಹಿಡಿದು ಭವ್ಯಶ್ರೀಯ ಬಳಿ ಬಂದಳು. "ನಾನೆಂತ ಮಾಡ್ಲಿ ಹೇಳು."

"ಓದು. ನಿನ್ನ ಸ್ವರ ಒಳ್ಳೇದುಂಟಲ್ಲ."

"ಹಾಗೆ ಹೇಳ್ಬೇಡ."

"ಮತ್ತೆ ಹೇಗೆ ಹೇಳುದು? ನೀನೇ ಕನ್ನಡ ಮಾಡಿ ಹೇಳು."

ಸಾತ್ವಿಕಾ ತಿರುಗಿ ಹೋದಳು. ಹೋಗುವಾಗ ಅವಳ ಕಿವಿ ಕೆಂಪಾಗಿತ್ತು.

ಆ ಸಂಜೆ ಭವ್ಯಶ್ರೀ ಮನೆಯ ಜಗಲಿಯಲ್ಲಿ ಅಮ್ಮನ ಎದುರು ಕೂತು ಎಲ್ಲ ಹೇಳಿದಳು. ಪದ್ಮಾಕ್ಷಿ ಮಡಿಲಲ್ಲಿ ಸೂಪು ಎಂಬ ಬೀಡಿಯ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅಜ್ಜ ಡೊಂಬಯ್ಯ ಕಂಬಕ್ಕೆ ಒರಗಿ ಕೂತಿದ್ದರು. ಮನೆಯಲ್ಲಿ ಮಾತೆಲ್ಲ ತುಳುವೇ. ಅಲ್ಲಿ ಭವ್ಯಶ್ರೀ ಎಲ್ಲೂ ತಡವರಿಸುವುದಿಲ್ಲ.

"ಹೆಸರು ಎಂತಕ್ಕೆ?" ಎಂದರು ಅಜ್ಜ. "ನೀರು ಬಂತಲ್ಲ?"

"ಅಜ್ಜ, ನೀವು ಸುಮ್ಮನಿರಿ. ಪ್ರಶ್ನೆ ನಿಮ್ಮದಲ್ಲ, ನನ್ನದು."

ಡೊಂಬಯ್ಯ ಹಲ್ಲಿಲ್ಲದ ಬಾಯಿಯಲ್ಲಿ ನಕ್ಕರು. "ಜೋರುಂಟು!"

ಪದ್ಮಾಕ್ಷಿಯ ಕೈ ನಿಲ್ಲಲಿಲ್ಲ. ಎಲೆ ಸುತ್ತಿತು, ನೂಲು ಕಟ್ಟಿತು. "ನಿನ್ನದು ಅಂತ ಅಲ್ಲಿ ಹೇಳಿದೆಯಾ?"

"ಇಲ್ಲ."

"ಯಾಕೆ?"

"ಕನ್ನಡದಲ್ಲಿ ಬರುವಾಗ ತಡ ಆಗ್ತದೆ ಅಮ್ಮ. ಅಷ್ಟರಲ್ಲಿ ಅವರು ಮುಗಿಸಿ ಆಗ್ತದೆ."

"ತಡ ಆದ್ರೆ ಕಾಯ್ಬೇಕು. ಅವರಿಗೆ ಎಲ್ಲಿಗಾದ್ರೂ ಬಸ್ ಉಂಟಾ?" ಎಂದಳು ಪದ್ಮಾಕ್ಷಿ. ಇನ್ನೊಂದು ಬೀಡಿ ಕಟ್ಟಿ, "ನಾನೂ ಸಂಘದ ಮೀಟಿಂಗಿನಲ್ಲಿ ಹಾಗೆಯೇ ಕೂತದ್ದು. ಹದಿನೈದು ವರ್ಷ. ಕೇಳ್ಬೇಕು ಅಂತ ಬಾಯಿಗೆ ಬರುವಾಗ ಚಾ ಬರ್ತದೆ, ಮೀಟಿಂಗ್ ಮುಗೀತದೆ," ಎಂದಳು. "ನೀನು ಶನಿವಾರ ಹೋಗು. ಬ್ಯಾಗ್ ನೋಡ್ಲಿಕ್ಕೆ ಅಂತ ಆದ್ರೂ ಹೋಗು. ಮನೆಯಲ್ಲಿ ಕೂತ್ರೆ ಅವರಿಗೆ ಮತ್ತೂ ಸುಲಭ."

ಶನಿವಾರ ಸಭಾಭವನದಲ್ಲಿ ಮುನ್ನೂರು ಜನ. ವೇದಿಕೆಯ ಮೇಲೆ ಕುರ್ಚಿಗಳು ಸಾಲಾಗಿ, ಸಭೆಗೆ ಮುಖ ಮಾಡಿ. ಭವ್ಯಶ್ರೀ ಮೊದಲ ಸಾಲಿನ ತುದಿಯಲ್ಲಿ ನಾಲ್ಕು ಬ್ಯಾಗುಗಳ ಮಧ್ಯೆ ಕೂತಳು. ಪಕ್ಕದಲ್ಲಿ ಸಂಕಪ್ಪ ಮಾಸ್ಟ್ರು, ಅವರ ಆಚೆ ಕಾಂತಿ ಟೀಚರ್. ವೇದಿಕೆಯಲ್ಲಿ ಸಂವಾದ ನಡೆಸುವವರು ಬಂಟ್ವಾಳದ ಬೀಫಾತಿಮಾ ಮೇಡಂ, ನಿವೃತ್ತ ಅಧ್ಯಾಪಕಿ. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಮಕ್ಕಳು ಓದಿದ ಪುಸ್ತಕಗಳೆಲ್ಲ. ಅವರು ಪ್ರತಿಯೊಂದನ್ನೂ ಓದಿಕೊಂಡೇ ಬಂದಿದ್ದರು. ಇದು ಸಂಕಪ್ಪ ಮಾಸ್ಟ್ರ ಲೆಕ್ಕದಲ್ಲಿ ಇರಲಿಲ್ಲ.

ಮೂವರು ಹತ್ತಿದರು. ಸಾತ್ವಿಕಾಳ ಸ್ವರ ಗಂಟೆಯ ಹಾಗೆ ಬಂತು. "ನೂರ ಹನ್ನೆರಡು ಪುಟಗಳ ಈ ಕೃತಿಯಲ್ಲಿ ಬಾವಿಯನ್ನು ತೋಡಿದವನಿಗೆ ಹೆಸರೇಕೆ ಇಲ್ಲ ಎಂಬುದು ನನ್ನನ್ನು ಕಾಡುವ ಪ್ರಶ್ನೆ." ಸಭೆಯಲ್ಲಿ ಚಪ್ಪಾಳೆ. ಮಾಸ್ಟ್ರು ತಾವೇ ಹೇಳಿದಂತೆ ತುಟಿ ಅಲ್ಲಾಡಿಸಿದರು. ಹಸ್ನಾ ಒಪ್ಪಿದಳು. ನಿತೇಶ್‌ನ ಅಭಿಪ್ರಾಯ ಭಿನ್ನವಾಯಿತು. ಮೂರು ಹಾಳೆ ಮುಗಿದವು. ಮತ್ತೆ ಚಪ್ಪಾಳೆ.

ಬೀಫಾತಿಮಾ ಮೇಡಂ ಚಪ್ಪಾಳೆ ತಟ್ಟಲಿಲ್ಲ. ಮುಂದಕ್ಕೆ ಬಾಗಿದರು.

"ಭಾರೀ ಒಳ್ಳೆ ಪ್ರಶ್ನೆ ಮಗಳೇ. ನಾನು ಈ ಪುಸ್ತಕ ಮೂರು ಸಲ ಓದಿದ್ದೇನೆ, ನನಗೆ ಬರ್ಲಿಲ್ಲ. ನಿನಗೆ ಯಾವ ಪುಟದಲ್ಲಿ ಬಂತು? ಯಾಕೆ ಬಂತು? ನಿನ್ನದೇ ಮಾತಿನಲ್ಲಿ ಹೇಳು."

ಸಾತ್ವಿಕಾ ಹಾಳೆ ತಿರುಗಿಸಿದಳು. ಹಿಂದೆ ಏನೂ ಇರಲಿಲ್ಲ. ಮೈಕಿನಲ್ಲಿ ಅವಳ ಉಸಿರು ಕೇಳಿಸಿತು. ಪುಟ ಅವಳಿಗೆ ಗೊತ್ತಿತ್ತು. ಅಜ್ಜಿಯನ್ನು ಕೇಳಿದ್ದೂ ನೆನಪಿತ್ತು. ಆದರೆ 'ನಿನಗೆ' ಎಂಬ ಮಾತಿಗೆ ಏನು ಹೇಳುವುದು? ಅವಳು ಬಾಯಿ ಮುಚ್ಚಿ, ಮೊದಲ ಸಾಲಿನ ತುದಿಗೆ, ಬ್ಯಾಗುಗಳ ಮಧ್ಯಕ್ಕೆ ನೋಡಿದಳು. ಹಸ್ನಾಳೂ ನೋಡಿದಳು. ನಿತೇಶ್ ಕತ್ತು ಉದ್ದ ಮಾಡಿ ನೋಡಿದ.

"ಅಯ್ಯೋ, ನಿಂತಿತು, ನಿಂತಿತು," ಎಂದರು ಸಂಕಪ್ಪ ಮಾಸ್ಟ್ರು. ಭವ್ಯಶ್ರೀಯ ಭುಜ ತಟ್ಟಿದರು. "ಹೋಗು ಮಗಾ, ಬೇಗ. ಬದಿಯ ಮೆಟ್ಟಿಲಿಂದ ಹತ್ತು. ಪರದೆಯ ಹಿಂದೆ ನಿಂತು ಅವಳಿಗೆ ಮೆಲ್ಲ ಹೇಳಿಕೊಡು. ಅವಳು ಹೇಳ್ತಾಳೆ."

ಕಾಂತಿ ಟೀಚರ್ ಈ ಸಲ ಬಾಯಿ ತೆರೆದರು. "ಹಿಂದೆ ಯಾಕೆ ಸರ್?" ಎಂದರು, ಹಿಂದಿನ ಸಾಲಿಗೂ ಕೇಳುವಂತೆ.

"ಟೀಚರ್, ಈಗ ಬೇಡ!"

ಭವ್ಯಶ್ರೀ ಎದ್ದಳು. ಬ್ಯಾಗುಗಳನ್ನು ಅಲ್ಲೇ ಬಿಟ್ಟಳು. ಮೆಟ್ಟಿಲು ಐದು. ಹತ್ತುವಾಗ ಅವಳ ತಲೆಯಲ್ಲಿ ಇಡೀ ಪ್ರಶ್ನೆ ತುಳುವಿನಲ್ಲಿ ಸರಿಯಾಗಿ ಇತ್ತು. ಕನ್ನಡದಲ್ಲಿ ಅರ್ಧ ಇತ್ತು. ಪರದೆಯ ಹಿಂದೆ ಹೋದರೆ ಸುಲಭ. ಅಲ್ಲಿ ತಡವರಿಸಿದರೆ ಯಾರಿಗೂ ಕೇಳಿಸುವುದಿಲ್ಲ. ಸಾತ್ವಿಕಾ ಅದನ್ನು ತಿದ್ದಿ, ಚೆಂದ ಮಾಡಿ, ಗಂಟೆಯ ಸ್ವರದಲ್ಲಿ ಹೇಳುತ್ತಾಳೆ. ಶಾಲೆಗೆ ಬಹುಮಾನ ಬರುತ್ತದೆ. ಫೋಟೋ ಬರುತ್ತದೆ, ಮೂವರದ್ದು.

ವೇದಿಕೆಯ ಬದಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮೇಲಿನದು ಅಂಟಿಕೊಂಡಿತ್ತು. ಅವಳು ಕಾಲಲ್ಲಿ ಕೆಳಗಿನದನ್ನು ಒತ್ತಿ ಹಿಡಿದು ಎಳೆದಳು, ಬಂತು. ಅದನ್ನು ಎತ್ತಿಕೊಂಡು ವೇದಿಕೆಯ ಮಧ್ಯಕ್ಕೆ ನಡೆದು, ಸಾತ್ವಿಕಾಳ ಎದುರಿಗೆ, ಸಭೆಗೆ ಬೆನ್ನು ಮಾಡಿ ಇಟ್ಟು ಕೂತಳು. ಹಸ್ನಾ ಏನೂ ಕೇಳದೆ ತನ್ನ ಕುರ್ಚಿಯನ್ನು ಸರ್ರೆಂದು ಎಳೆದುಕೊಂಡು ಭವ್ಯಶ್ರೀಯ ಎಡಗಡೆಗೆ ಬಂದಳು. ನಿತೇಶ್ ಇನ್ನೊಂದು ಬದಿಗೆ, ಕ್ಲಾಸಿನಲ್ಲಿ ಸುತ್ತ ಕೂತ ಹಾಗೆ.

"ಇವಳು ಯಾರು?" ಎಂದರು ಬೀಫಾತಿಮಾ ಮೇಡಂ.

"ಪ್ರಶ್ನೆ ಇವಳದ್ದು ಮೇಡಂ," ಎಂದಳು ಸಾತ್ವಿಕಾ. ಈಗ ಅವಳ ಸ್ವರದಲ್ಲಿ ಗಂಟೆ ಇರಲಿಲ್ಲ. "ನನಗೆ ಓದ್ಲಿಕ್ಕೆ ಕೊಟ್ಟದ್ದು."

ಸಭೆಯಲ್ಲಿ ಗುಸುಗುಸು. ಸಂಕಪ್ಪ ಮಾಸ್ಟ್ರು ವೇದಿಕೆಯ ಅಂಚಿಗೇ ಬಂದಿದ್ದರು. ಪಿಸುಗುಟ್ಟಿದೆ ಎಂದು ಅವರು ಅಂದುಕೊಂಡರು. ಆದರೆ ಆ ಕಂಚಿನ ಸ್ವರ ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಹೋಗುವಂಥದ್ದು.

"ಭವ್ಯಶ್ರೀ! ಎಂತ ಮಾಡುದು ನೀನು? ನಿನಗೆ ಆಗ್ಲಿಕ್ಕಿಲ್ಲ. ಏಳು. ಹಿಂದೆ ಹೋಗಿ ನಿಲ್ಲು!"

ಭವ್ಯಶ್ರೀ ತಿರುಗಿ ಅವರನ್ನು ನೋಡಿದಳು. ಸಾತ್ವಿಕಾ ಮೈಕನ್ನು ಅವಳ ಕಡೆಗೆ ಚಾಚಿದ್ದಳು. ಕನ್ನಡದ ಮಾತು ಬಾಯಿಯವರೆಗೆ ಬಂದು ನಿಂತಿತು, ಹಿಂದೆ ಹೋಯಿತು, ಮತ್ತೆ ಹೊರಟಿತು. ಮುನ್ನೂರು ಜನ ಕಾದರು.

"ನಾನು... ಇಲ್ಲ ಸರ್," ಎಂದಳು ಭವ್ಯಶ್ರೀ. "ಹಿಂದೆ... ಹಿಂದೆ ನಿಲ್ಲುದಿಲ್ಲ."